ಕಪ್ಪು ಮಾರ್ಕರ್‌ನ ಬಣ್ಣ ಬೇರೆ ಆಗುತ್ತಿಲ್ಲವೇ? ಮೊದಲು ಪೆನ್ನು ಬದಲಿಸಿ

ಚಿತ್ರದುರ್ಗದಲ್ಲಿ ಓದುವ ಮಗಳ ವಿಜ್ಞಾನ ಪ್ರಾಜೆಕ್ಟ್‌ಗೆ, ಕಪ್ಪು ಇಂಕಿನಲ್ಲಿ ಬೆರೆತಿರುವ ಬಣ್ಣಗಳನ್ನು ಬೇರ್ಪಡಿಸಿ ನೋಡಲು, ಟಿಶ್ಯೂ ಪೇಪರ್ ಮೇಲೆ ಕಪ್ಪು ಮಾರ್ಕರ್‌ನಿಂದ ಗೆರೆ ಎಳೆದು, ತುದಿಯನ್ನು ನೀರಿಗೆ ಇಳಿಬಿಟ್ಟಿರಿ. ನೀರು ಮೇಲೇರಿತು, ಕಪ್ಪು ಗೆರೆ ಮಾತ್ರ ಇದ್ದಲ್ಲೇ ಉಳಿಯಿತು. ಯಾಕೆ ಹೀಗೆ ಅಂತ ಕೇಳಿದ್ದೀರಿ. ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಈ ಪ್ರಯೋಗ ನನಗೆ ತುಂಬಾ ಇಷ್ಟ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಗೆರೆ ಒಂಚೂರೂ ಕದಲಲಿಲ್ಲ ಅಂದರೆ ನಿಮ್ಮ ಕೈಲಿದ್ದದ್ದು ಬಹುಶಃ ಪರ್ಮನೆಂಟ್ ಮಾರ್ಕರ್. ಅದರ ಬಣ್ಣ ನೀರಿನಲ್ಲಿ ಕರಗುವುದಿಲ್ಲ. ಕರಗದ ಬಣ್ಣವನ್ನು ನೀರು ಹೊತ್ತುಕೊಂಡು ಹೋಗುವುದಾದರೂ ಹೇಗೆ? ಮಕ್ಕಳು ಚಿತ್ರಕ್ಕೆ ಬಳಸುವ ಸಾದಾ ಸ್ಕೆಚ್ ಪೆನ್ ತೆಗೆದುಕೊಳ್ಳಿ. ಕಪ್ಪು, ಕಂದು, ಹಸಿರು, ನೇರಳೆ ಬಣ್ಣದವು ಒಳ್ಳೆಯವು, ಏಕೆಂದರೆ ಅವು ಸಾಮಾನ್ಯವಾಗಿ ಮಿಶ್ರ ಬಣ್ಣಗಳು. ಹಳದಿ ಪೆನ್ನಿನಲ್ಲಿ ಹೆಚ್ಚಾಗಿ ಒಂದೇ ಬಣ್ಣ ಇರುತ್ತದೆ, ಅದನ್ನು ಹಾಕಿ ಕಾಯುವುದು ಸುಮ್ನೆ. ಪರ್ಮನೆಂಟ್ ಮಾರ್ಕರನ್ನೇ ನೋಡಬೇಕು ಅನ್ನಿಸಿದರೆ ನೀರಿನ ಬದಲು ಮೆಡಿಕಲ್ ಶಾಪಿನಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್ ಹಾಕಿ. ಅದು ಬೇಗ ಬೆಂಕಿ ಹಿಡಿಯುತ್ತದೆ. ಒಲೆ, ದೀಪ ಹತ್ತಿರ ಬೇಡ, ಕಿಟಕಿ ತೆಗೆದಿಡಿ, ದೊಡ್ಡವರು ಪಕ್ಕದಲ್ಲೇ ಇರಲಿ. ಇನ್ನು ಕೆಲವು ಕಪ್ಪು ಜೆಲ್ ಪೆನ್ನುಗಳಲ್ಲಿ ಇರುವುದು ಕಾರ್ಬನ್ನಿನ ಸಣ್ಣ ಸಣ್ಣ ಕಣ. ಅದು ನೀರಿಗೂ ಜಗ್ಗುವುದಿಲ್ಲ, ಸ್ಪಿರಿಟ್‌ಗೂ ಜಗ್ಗುವುದಿಲ್ಲ.

ಬಣ್ಣ ಬೇರೆಯಾಗುವುದು ಯಾಕೆ ಅನ್ನುವುದು ಮಗಳಿಗೆ ಅರ್ಥವಾಗಲೇಬೇಕು. ಕಾಗದ ಅಂದರೆ ಗಿಡಗಳಿಂದ ಸಿಗುವ ಸೆಲ್ಯುಲೋಸ್ ಎಂಬ ವಸ್ತುವಿನ ನಾರು. ನಾರುಗಳ ನಡುವಿನ ಸಂದಿಯಲ್ಲಿ ನೀರು ತಾನಾಗಿ ಮೇಲೇರುತ್ತದೆ. ಪ್ರತಿ ಬಣ್ಣವನ್ನೂ ಒಂದು ಕಡೆ ನೀರು ಎಳೆಯುತ್ತದೆ, ಇನ್ನೊಂದು ಕಡೆ ನಾರು ಹಿಡಿದುಕೊಳ್ಳುತ್ತದೆ. ನೀರಿನ ಜೊತೆ ಚೆನ್ನಾಗಿ ಹೊಂದುವ ಬಣ್ಣ ಮೇಲೆ ಹೋಗುತ್ತದೆ. ನಾರಿಗೆ ಅಂಟಿಕೊಳ್ಳುವ ಬಣ್ಣ ಕೆಳಗೇ ಉಳಿಯುತ್ತದೆ. ಹತ್ತಿಯೂ ಸೆಲ್ಯುಲೋಸೇ ಅಲ್ವಾ? ಹತ್ತಿ ಬಟ್ಟೆಗೆ ಗಟ್ಟಿಯಾಗಿ ಹಿಡಿಯುವ ಬಣ್ಣಗಳು ಕಾಗದವನ್ನೂ ಹಾಗೆಯೇ ಹಿಡಿಯುತ್ತವೆ. ಹತ್ತಿ ಮಿಲ್ಲುಗಳಿಂದಲೇ ಹೆಸರಾಗಿದ್ದ ದಾವಣಗೆರೆಯ ಮಕ್ಕಳಿಗೆ ಇದನ್ನು ಹೇಳುವುದೆಂದರೆ ನನಗೆ ಖುಷಿ. ಕಾಗದದ ಬದಲು ಬಿಳಿ ಹತ್ತಿ ಬಟ್ಟೆಯ ಪಟ್ಟಿಯಲ್ಲೂ ಮಾಡಿ ನೋಡಬಹುದು. ಹೊಸ ಬಟ್ಟೆಯಾದರೆ ಮೊದಲು ಚೆನ್ನಾಗಿ ಒಗೆಯಿರಿ. ಗಂಜಿ ಇದ್ದರೆ ನೀರು ಸರಿಯಾಗಿ ಏರುವುದಿಲ್ಲ.

ಈ ವಿಧಾನಕ್ಕೂ ಬಟ್ಟೆಗೂ ಇನ್ನೊಂದು ನಂಟಿದೆ. ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆಟ್ 1900ರ ದಶಕದ ಮೊದಲ ವರ್ಷಗಳಲ್ಲಿ ಗಾಜಿನ ಕೊಳವೆಗೆ ಸೀಮೆಸುಣ್ಣದಂಥ ಪುಡಿ ತುಂಬಿ ಎಲೆಯ ಬಣ್ಣಗಳನ್ನು ಬೇರ್ಪಡಿಸಿದರು. 1906ರಲ್ಲಿ ಅದಕ್ಕೆ ಕ್ರೊಮ್ಯಾಟೊಗ್ರಫಿ ಅಂತ ಹೆಸರಿಟ್ಟರು. ಕಾಗದ ಬಂದದ್ದು ಆಮೇಲೆ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಉಣ್ಣೆ ಉದ್ಯಮದ ಸಂಶೋಧನಾಲಯವಿತ್ತು. ಅಲ್ಲಿ ಉಣ್ಣೆಯ ಪ್ರೊಟೀನಿನಲ್ಲಿ ಏನೇನಿದೆ ಅಂತ ಹುಡುಕುತ್ತಿದ್ದ ಕಾನ್ಸ್‌ಡೆನ್, ಗಾರ್ಡನ್, ಮಾರ್ಟಿನ್ 1944ರಲ್ಲಿ ಕಾಗದದ ವಿಧಾನ ಪ್ರಕಟಿಸಿದರು. ಇದರ ಹಿಂದಿನ ತತ್ವ ಕಂಡುಕೊಂಡಿದ್ದಕ್ಕೆ ಮಾರ್ಟಿನ್ ಮತ್ತು ಅವರ ಸಹೋದ್ಯೋಗಿ ಸಿಂಜ್‌ಗೆ 1952ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಪ್ರಾಜೆಕ್ಟ್ ಪುಸ್ತಕಕ್ಕೆ ಇದನ್ನು ಖಂಡಿತ ಬರೆಸಿ.

ಈಗ ಕೆಲಸಕ್ಕೆ ಬರೋಣ. ಟಿಶ್ಯೂ ಬಿಡಿ, ಒದ್ದೆಯಾದರೆ ಜೋತು ಬೀಳುತ್ತದೆ. ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಫಿಲ್ಟರ್ ಪೇಪರ್ ಕೇಳಿ, ಶಾಲೆಯ ಲ್ಯಾಬಿನಲ್ಲೂ ಇರುತ್ತದೆ. ಎರಡು ಮೂರು ಸೆಂಟಿಮೀಟರ್ ಅಗಲದ ಪಟ್ಟಿ ಕತ್ತರಿಸಿ. ಕೆಳಗಿನಿಂದ ಎರಡು ಸೆಂಟಿಮೀಟರ್ ಬಿಟ್ಟು ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಬಾಲ್ ಪೆನ್ ಬೇಡ, ಅದರ ಇಂಕೂ ಕಲೆಯಾಗಿ ಹರಡಬಹುದು. ಗೆರೆಯ ನಡುವೆ ಸ್ಕೆಚ್ ಪೆನ್ನಿನಿಂದ ಒಂದು ಸಣ್ಣ ಚುಕ್ಕೆ ಇಡಿ. ಒಣಗಿದ ಮೇಲೆ ಅದೇ ಜಾಗದಲ್ಲಿ ಇನ್ನೊಮ್ಮೆ ಇಡಿ. ಬಣ್ಣ ಜಾಸ್ತಿ ಇರಬೇಕು, ಚುಕ್ಕೆ ದೊಡ್ಡದಾಗಬಾರದು. ದಪ್ಪ ಚುಕ್ಕೆಯ ಬಣ್ಣಗಳು ಒಂದರ ಮೇಲೊಂದು ಬಂದು ಕೊಳಕು ಕಲೆಯಾಗುತ್ತವೆ.

ಲೋಟದಲ್ಲಿ ಒಂದು ಸೆಂಟಿಮೀಟರ್ ಎತ್ತರಕ್ಕೆ ನೀರು ಸಾಕು. ಪಟ್ಟಿಯ ತುದಿ ಮಾತ್ರ ನೀರಿಗೆ ತಾಗಬೇಕು, ಚುಕ್ಕೆ ಮುಳುಗಬಾರದು. ಮುಳುಗಿದರೆ ಬಣ್ಣ ಲೋಟದ ನೀರಿಗೇ ಇಳಿದುಬಿಡುತ್ತದೆ. ಪಟ್ಟಿಯ ಅಂಚು ಲೋಟದ ಗೋಡೆಗೆ ಅಂಟದ ಹಾಗೆ ನೇತುಹಾಕಿ.

ನಮ್ಮ ಕಡೆಯ ಬೇಸಿಗೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಮಾರ್ಚ್, ಏಪ್ರಿಲ್‌ನ ಒಣ ಸೆಖೆಯಲ್ಲಿ ಫ್ಯಾನ್ ಕೆಳಗೆ ಇಟ್ಟರೆ ಏರುವ ನೀರು ಅರ್ಧದಲ್ಲೇ ಆರಿಹೋಗುತ್ತದೆ. ಲೋಟದ ಮೇಲೆ ತಟ್ಟೆ ಮುಚ್ಚಿ, ಫ್ಯಾನ್ ಆರಿಸಿ. ಬೋರ್‌ವೆಲ್ ನೀರಿನ ಲವಣಗಳಿಂದ ಬಣ್ಣದ ಓಟ ಬದಲಾಗಬಹುದು. ಫಿಲ್ಟರ್ ನೀರು ಹಾಕಿ, ಪ್ರತಿ ಸಲ ಅದನ್ನೇ ಬಳಸಿ.

ನೀರು ಪಟ್ಟಿಯ ಮೇಲ್ತುದಿಗೆ ಒಂದು ಸೆಂಟಿಮೀಟರ್ ಇರುವಾಗ ಹೊರಗೆ ತೆಗೆಯಿರಿ. ನೀರು ಎಲ್ಲಿಯವರೆಗೆ ಬಂದಿದೆ ಅಂತ ತಕ್ಷಣ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಒಣಗಿದರೆ ಕಾಣುವುದಿಲ್ಲ. ಆಮೇಲೆ ಪೆನ್ಸಿಲ್ ಗೆರೆಯಿಂದ ಅಳೆಯಿರಿ. ನೀರು 8 ಸೆಂಟಿಮೀಟರ್ ಹೋಗಿ ನೀಲಿ 6 ಸೆಂಟಿಮೀಟರ್ ಹೋಗಿದ್ದರೆ, 6ನ್ನು 8ರಿಂದ ಭಾಗಿಸಿ. 0.75 ಬರುತ್ತದೆ. ಇದು ಆರ್‌ಎಫ್ ಮೌಲ್ಯ, ಅಂದರೆ ನೀರು ಹೋದ ದೂರದಲ್ಲಿ ಬಣ್ಣ ಎಷ್ಟು ಭಾಗ ಹೋಯಿತು ಅನ್ನುವ ಅಂಕಿ. ಅದೇ ಕಾಗದ, ಅದೇ ನೀರು ಇದ್ದಾಗ ಮಾತ್ರ ಈ ಅಂಕಿಗಳನ್ನು ಹೋಲಿಸಿ.

ಪ್ರಾಜೆಕ್ಟ್‌ಗೆ ಜೀವ ಬರಬೇಕು ಅಂದರೆ ಅಗಲವಾದ ಒಂದೇ ಕಾಗದದಲ್ಲಿ ಬೇರೆ ಬೇರೆ ಕಂಪನಿಯ ಕಪ್ಪು ಸ್ಕೆಚ್ ಪೆನ್ನುಗಳ ಚುಕ್ಕೆಗಳನ್ನು ಸಾಲಾಗಿ ಇಡಿಸಿ. ಎಲ್ಲವೂ ಕಣ್ಣಿಗೆ ಒಂದೇ ಕಪ್ಪು. ಕಾಗದದ ಮೇಲೆ ಮಾತ್ರ ಒಂದೊಂದರ ಪಟ್ಟೆ ಒಂದೊಂದು ಥರ ಬರಬಹುದು. ಅದಾದ ಮೇಲೆ ಯಾವುದೋ ಒಂದು ಪೆನ್ನಿನ ಚುಕ್ಕೆಯನ್ನು ಹೆಸರು ಹೇಳದೆ ನೀವೇ ಇಟ್ಟುಕೊಡಿ, ಅದು ಯಾವ ಪೆನ್ನಿನದು ಅಂತ ಮಗಳು ಪಟ್ಟೆ ನೋಡಿ ಹುಡುಕಲಿ.