ಕೆಂಪು ಗಸಗಸೆ ಹಣ್ಣು ಸರಿ, ಹಳದಿ ಗೊಂಚಲು ಬೇಡ

ನಮಸ್ಕಾರ. ಪುಣೆಯ ನಿಮ್ಮ ಮನೆ ಹಿತ್ತಲಲ್ಲಿ ಕೆಂಪು ಹಣ್ಣಿನ ಮರ, ಬೇಲಿಯಲ್ಲಿ ಹಳದಿ ಗೊಂಚಲಿನ ಗಿಡ, ಮಕ್ಕಳು ಎರಡನ್ನೂ ತಿನ್ನಬಹುದೇ ಅಂತ ಕೇಳಿದ್ದೀರಿ.

ಕೆಂಪಿನದು ನಮ್ಮೂರ ಕಡೆಯ ಗಸಗಸೆ ಹಣ್ಣಿನ ಮರ ಇರಬೇಕು. ಸಿಂಗಾಪುರ ಚೆರಿ ಅಂತಲೂ ಕರೀತಾರೆ. ಖಚಿತಪಡಿಸಿಕೊಳ್ಳಲು ಎಲೆ ಮುಟ್ಟಿ ನೋಡಿ: ನವಿರು ರೋಮ, ಬೆರಳಿಗೆ ಸ್ವಲ್ಪ ಅಂಟು, ಅಂಚು ಗರಗಸದಂತೆ, ಬುಡದಲ್ಲಿ ಒಂದು ಬದಿ ದೊಡ್ಡದು. ಐದು ಎಸಳಿನ ಬಿಳಿ ಹೂ. ಹಣ್ಣು ಸುಮಾರು ಒಂದು ಸೆಂಟಿಮೀಟರ್. ಹಿಚುಕಿದರೆ ಗಸಗಸೆಯಷ್ಟು ಸಣ್ಣ ಬೀಜಗಳ ಸಿಹಿ ತಿರುಳು. ಇವೆಲ್ಲ ಹೊಂದಿದರೆ ತೊಳೆದು ಧಾರಾಳವಾಗಿ ಕೊಡಿ. ಪೂರ್ತಿ ಕೆಂಪಾಗಿ ಮೆತ್ತಗಾದದ್ದೇ ರುಚಿ. ಬಾವಲಿ ಕಚ್ಚಿದ್ದು, ನೆಲಕ್ಕೆ ಬಿದ್ದದ್ದು ಬೇಡ.

ಹಳದಿಯದರ ಬಗ್ಗೆ ನನಗೆ ಆತಂಕ. ತಿಳಿನೇರಳೆ ಹೂವಿನ ಜೋಲುಗೊನೆ, ಎದುರುಬದುರು ಎಲೆ, ತುದಿಯಲ್ಲಿ ಚಿಕ್ಕ ಕೊಕ್ಕಿರುವ ಹೊಂಬಣ್ಣದ ಕಾಯಿ ಇದ್ದರೆ ಅದು ಡ್ಯುರಾಂಟಾ. ಅದರ ಕಾಯಿಯಲ್ಲಿ ಸಪೋನಿನ್ ಇದೆ, ಮಕ್ಕಳಿಗೆ ವಿಷ. ಹಕ್ಕಿ ತಿನ್ನುತ್ತದೆ ಅಂತ ನಂಬಬೇಡಿ, ಹಕ್ಕಿಗೆ ಸಹಿಸುವುದು ನಮಗೆ ಸಹಿಸಬೇಕೆಂದಿಲ್ಲ. ಹೂ ಬಾಡಿದ ಕೂಡಲೇ ಗೊನೆ ಕತ್ತರಿಸಿಬಿಡಿ, ಕಾಯಿ ಕಟ್ಟುವುದಿಲ್ಲ. ಮಗು ಈಗಾಗಲೇ ತಿಂದಿದ್ದರೆ ವಾಂತಿ ಮಾಡಿಸಲು ಹೋಗದೆ, ಕಾಯಿ ಸಮೇತ ಒಂದು ರೆಂಬೆ ಹಿಡಿದು ತಕ್ಷಣ ಆಸ್ಪತ್ರೆಗೆ ಹೋಗಿ.

ಎಲೆಯ ಎರಡೂ ಬದಿ, ಹೂ, ಕೊಯ್ದ ಹಣ್ಣಿನ ಫೋಟೋ ಹಾಕಿ. ಅಲ್ಲಿಯವರೆಗೆ ಹಳದಿಯದು ಮಕ್ಕಳ ಕೈಗೆ ಸಿಗದಿರಲಿ.