ಎಕೋದಲ್ಲಿ 46 ಬಂದರೆ ಹೃದಯ ಅರ್ಧ ಸತ್ತಿದೆ ಎಂದಲ್ಲ

ಓದುಗರ ಪ್ರಶ್ನೆ, ಹೃದ್ರೋಗ ತಜ್ಞೆಯ ಉತ್ತರ

ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿರುವವರ ಹೃದಯದ ಬಗ್ಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಥರ ಇರುತ್ತವೆ. ಯಾವುದೋ ಮಾತ್ರೆಯನ್ನು ಮನೆಯವರೇ ನಿಲ್ಲಿಸಿರುತ್ತಾರೆ. ನಿಲ್ಲಿಸಿದ ಮೇಲೆ ಪತ್ರ ಬರೆದು ಕೇಳುತ್ತಾರೆ. ಇದನ್ನು ಓದಿ ಓದಿ ನನಗೆ ಬೇಸರವೂ ಆಗಿದೆ, ಭಯವೂ ಆಗುತ್ತದೆ. ಈ ಸಲ ಒಂದು ಪತ್ರಕ್ಕೆ ಉದ್ದವಾಗಿಯೇ ಉತ್ತರಿಸುತ್ತೇನೆ. ಉಳಿದವಕ್ಕೆ ಅಷ್ಟು ಮಾತು ಬೇಕಿಲ್ಲ.

ಪ್ರಶ್ನೆ: ನನ್ನ ತಾಯಿಗೆ 58 ವರ್ಷ. ಎಡ ಸ್ತನದ ಕ್ಯಾನ್ಸರ್, ಹರ್-2 ಪಾಸಿಟಿವ್. ಆಪರೇಷನ್ ಆಯಿತು. ಕೆಂಪು ಔಷಧಿಯ ಕೀಮೋ ನಾಲ್ಕು ಸಲ ಕೊಟ್ಟರು. ಈಗ ಮೂರು ವಾರಕ್ಕೊಮ್ಮೆ ಟ್ರಾಸ್ಟುಜುಮಾಬ್ ಇಂಜೆಕ್ಷನ್ ನಡೆಯುತ್ತಿದೆ. ಮೊದಲು ಎಕೋದಲ್ಲಿ (ಹೃದಯದ ಸ್ಕ್ಯಾನ್) 62 ಪರ್ಸೆಂಟ್ ಇತ್ತು, ಈಗ 46 ಬಂದಿದೆ. ಇಂಜೆಕ್ಷನ್ ತಡೆಹಿಡಿದು ಹಾರ್ಟ್ ಡಾಕ್ಟರ ಹತ್ತಿರ ಕಳಿಸಿದ್ದಾರೆ. ಅಮ್ಮನಿಗೆ ಸುಸ್ತು, ಏದುಸಿರು ಏನೂ ಇಲ್ಲ. ಹೃದಯ ಅರ್ಧಕ್ಕಿಂತ ಕಡಿಮೆ ಕೆಲಸ ಮಾಡುತ್ತಿದೆ, ಇನ್ನು ಸರಿ ಹೋಗುತ್ತಾ? ಹೃದಯ ಹಾಳುಮಾಡುವ ಔಷಧಿ ಯಾಕೆ ಕೊಟ್ಟರು? ಪದೇ ಪದೇ ಎಕೋ ಮಾಡಿಸುವುದು ದುಡ್ಡಿಗಾ? ಕೀಮೋ ಶುರುವಾದಾಗ ಮಾತ್ರೆ ಜಾಸ್ತಿಯಾಗಿ ಉಷ್ಣ ಆಗುತ್ತೆ ಅಂತ ಬಿಪಿ ಮಾತ್ರೆ ನಿಲ್ಲಿಸಿದ್ದೆವು. ಸೋದರಮಾವ ಹೊಳೆಮತ್ತಿ ತೊಗಟೆಯ ಪುಡಿ ತಂದುಕೊಟ್ಟಿದ್ದಾರೆ, ಕೊಡಬಹುದಾ? (ಓದುಗರು, ದಾವಣಗೆರೆ)

ಉತ್ತರ: ಬಿಪಿ ಮಾತ್ರೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದು ನಿಮ್ಮ ಕೈಯಲ್ಲೇ ಇದ್ದ ವಿಷಯ. ಕೀಮೋದಿಂದ ಯಾರ ಹೃದಯಕ್ಕೆ ಜಾಸ್ತಿ ಏಟು ಬೀಳುತ್ತದೆ ಎಂದು ಲೆಕ್ಕ ಹಾಕುವಾಗ ನಾವು ಮೊದಲು ನೋಡುವ ಸಂಗತಿಗಳಲ್ಲಿ ಬಿಪಿ ಒಂದು. ವಯಸ್ಸು, ಶುಗರ್, ಬೀಡಿ ಸಿಗರೇಟು, ಹಳೆಯ ಹೃದಯದ ತೊಂದರೆ ಇವೂ ಅದರ ಜೊತೆಗೇ ಬರುತ್ತವೆ. ವಯಸ್ಸನ್ನು ಯಾರೂ ತಡೆಯಲಾಗದು. ಬಿಪಿಯನ್ನು ತಡೆಯಬಹುದಿತ್ತು. ಕೆಂಪು ಔಷಧಿ ಹೃದಯದ ಮಾಂಸಖಂಡಕ್ಕೆ ಪೆಟ್ಟು ಕೊಡುತ್ತಿರುವ ಹೊತ್ತಿನಲ್ಲೇ ಅದೇ ಹೃದಯದ ಮೇಲೆ ಬಿಪಿಯ ಭಾರವನ್ನೂ ಹೇರಿದ್ದೀರಿ. ಉಷ್ಣ ಎಂಬ ಕಾರಣಕ್ಕೆ ಬಿಪಿ ಮಾತ್ರೆ ನಿಲ್ಲಿಸಿ ಎಂದು ಯಾವ ಡಾಕ್ಟರೂ ಹೇಳುವುದಿಲ್ಲ. ಕೀಮೋ ವೇಳೆ ವಾಂತಿ ಭೇದಿಯಾಗಿ ಬಿಪಿ ತೀರಾ ಇಳಿದರೆ ನಾವೇ ಮಾತ್ರೆ ಕಡಿಮೆ ಮಾಡುತ್ತೇವೆ. ಅದನ್ನು ಬಿಪಿ ಅಳೆದು ನೋಡಿ ಮಾಡುತ್ತೇವೆ, ಊಹಿಸಿ ಮಾಡುವುದಿಲ್ಲ. ಇವತ್ತೇ ಬಿಪಿ ನೋಡಿ, ಬರೆದಿಟ್ಟುಕೊಳ್ಳಿ. ಹಳೆಯ ಮಾತ್ರೆಯನ್ನು ನೀವಾಗಿಯೇ ಮತ್ತೆ ಶುರು ಮಾಡಬೇಡಿ. ಈಗ ಬಿಪಿಯನ್ನೂ ಇಳಿಸಿ ಹೃದಯದ ಮಾಂಸಖಂಡಕ್ಕೂ ಆಸರೆಯಾಗುವ ಮಾತ್ರೆ ಬೇಕು. ಎನಾಲಾಪ್ರಿಲ್, ರಾಮಿಪ್ರಿಲ್, ಕಾರ್ವೆಡಿಲಾಲ್ ಅಂಥವು. ಯಾವುದು, ಎಷ್ಟು ಎಂದು ಹಾರ್ಟ್ ಡಾಕ್ಟರು ಹೇಳುತ್ತಾರೆ.

ಇನ್ನು 46ರ ವಿಷಯ. ಇದು ನೂರಕ್ಕೆ ತೆಗೆದ ಅಂಕ ಅಲ್ಲ. ಹೃದಯದ ಎಡ ಕೆಳಕೋಣೆ ತುಂಬಿಕೊಂಡ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಗೆ ಹೋಗುತ್ತದೆ ಎಂಬುದಷ್ಟೇ ಅದು. ಚೆನ್ನಾಗಿರುವ ಹೃದಯದಲ್ಲೂ ಕೋಣೆ ಪೂರ್ತಿ ಖಾಲಿಯಾಗುವುದಿಲ್ಲ. 55ರಿಂದ 70ರ ಒಳಗೆ ಇದ್ದರೆ ಸಾಮಾನ್ಯ. ಅಂದರೆ ನಿಮ್ಮ ತಾಯಿಯ ಹೃದಯ ಅರ್ಧ ಸತ್ತಿಲ್ಲ. ಆದರೆ 62ರಿಂದ 46ಕ್ಕೆ ಇಳಿದದ್ದು ಸಣ್ಣ ವಿಷಯವೂ ಅಲ್ಲ. ಹತ್ತು ಅಂಕಕ್ಕಿಂತ ಜಾಸ್ತಿ ಇಳಿದು 50ರ ಕೆಳಗೆ ಬಂದರೆ ಔಷಧಿಯಿಂದ ಹೃದಯಕ್ಕೆ ಪೆಟ್ಟು ಬಿದ್ದಿದೆ ಎಂದೇ ನಾವು ತಿಳಿಯುತ್ತೇವೆ.

ಸರಿ ಹೋಗುತ್ತಾ ಎಂದು ಕೇಳಿದ್ದೀರಿ. ಅದಕ್ಕೆ ಎರಡು ಔಷಧಿಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಕೆಂಪು ಔಷಧಿ, ಅಂದರೆ ಡಾಕ್ಸೋರುಬಿಸಿನ್ ಮತ್ತು ಅದರ ಬಳಗ, ಹೃದಯದ ಜೀವಕೋಶಗಳನ್ನೇ ಸಾಯಿಸಬಲ್ಲದು. ಆ ಪೆಟ್ಟು ಡೋಸು ಕೂಡಿದಷ್ಟೂ ಜಾಸ್ತಿಯಾಗುತ್ತದೆ, ವರ್ಷಗಳ ಮೇಲೂ ಕಾಣಿಸಿಕೊಳ್ಳಬಹುದು. ಡಾಕ್ಸೋರುಬಿಸಿನ್ ಬಗ್ಗೆ 2003ರಲ್ಲಿ ಬಂದ ಒಂದು ವಿಶ್ಲೇಷಣೆಯಲ್ಲಿ ಮೈಯ ಚದರ ಮೀಟರಿಗೆ ಒಟ್ಟು 400 ಮಿಲಿಗ್ರಾಂ ಪಡೆದವರಲ್ಲಿ ಸುಮಾರು ನೂರಕ್ಕೆ 5 ಮಂದಿಗೆ ಹೃದಯ ಸೋತಿತ್ತು. 550 ತಲುಪಿದಾಗ ಅದು 26 ಆಯಿತು. ಸ್ತನ ಕ್ಯಾನ್ಸರಿಗೆ ರೂಢಿಯಲ್ಲಿರುವ ನಾಲ್ಕು ಸಲದ ಡೋಸು ಕೂಡಿದರೆ 240 ಮಾತ್ರ. ನಾಲ್ಕಕ್ಕೆ ನಿಲ್ಲಿಸುವುದರ ಹಿಂದೆ ಈ ಎಚ್ಚರಿಕೆಯೂ ಇದೆ.

ಟ್ರಾಸ್ಟುಜುಮಾಬ್ ಮಾಡುವುದು ಬೇರೆ. ಕ್ಯಾನ್ಸರ್ ಕೋಶ ಬೆಳೆಯಲು ಬಳಸುವ ಹರ್-2 ಎಂಬ ದಾರಿಯನ್ನು ಅದು ಮುಚ್ಚುತ್ತದೆ. ಹೃದಯದ ಕೋಶಗಳು ತಮಗಾದ ಗಾಯ ರಿಪೇರಿ ಮಾಡಿಕೊಳ್ಳಲು ಅದೇ ದಾರಿಯನ್ನು ನಂಬಿರುತ್ತವೆ. ದಾರಿ ಮುಚ್ಚಿದಾಗ ಮಾಂಸಖಂಡ ಮಂಕಾಗುತ್ತದೆ, ಸಾಮಾನ್ಯವಾಗಿ ಸಾಯುವುದಿಲ್ಲ. ಔಷಧಿ ತಡೆಹಿಡಿದು ಹೃದಯದ ಮಾತ್ರೆ ಕೊಟ್ಟರೆ ಹೆಚ್ಚಿನವರಲ್ಲಿ ಚೇತರಿಸಿಕೊಳ್ಳುತ್ತದೆ. ಈ ಎರಡನ್ನೂ ಒಟ್ಟಿಗೇ ಕೊಟ್ಟ ಅಧ್ಯಯನದ ವರದಿ 2001ರಲ್ಲಿ ಬಂತು. ನೂರಕ್ಕೆ 27 ಮಂದಿಗೆ ಹೃದಯದ ತೊಂದರೆ ಕಂಡಿತ್ತು. ಅದಕ್ಕೇ ಈಗ ಒಂದು ಮುಗಿದ ಮೇಲೆ ಇನ್ನೊಂದು ಕೊಡುತ್ತಾರೆ. ನಿಮ್ಮ ತಾಯಿಗೂ ಹಾಗೇ ಕೊಟ್ಟಿದ್ದಾರೆ.

ಯಾಕೆ ಕೊಟ್ಟರು ಅಂದರೆ, ಅದು ಜೀವ ಉಳಿಸುತ್ತದೆ. ಕೀಮೋ ಜೊತೆ ಟ್ರಾಸ್ಟುಜುಮಾಬ್ ಸೇರಿಸಿದಾಗ ಹರ್-2 ಕ್ಯಾನ್ಸರ್ ಮರುಕಳಿಸುವುದು ಸುಮಾರು ಅರ್ಧಕ್ಕೆ ಇಳಿಯಿತು, ಸಾವು ಮೂರರಲ್ಲಿ ಒಂದು ಪಾಲು ಕಡಿಮೆಯಾಯಿತು. 2005ರ ಆ ಫಲಿತಾಂಶದ ಮೇಲೆ ಚಿಕಿತ್ಸೆಯೇ ಬದಲಾಯಿತು. ಆದ್ದರಿಂದ ತಡೆಹಿಡಿದದ್ದನ್ನು ಬಿಟ್ಟೇಬಿಟ್ಟೆವು ಎಂದುಕೊಳ್ಳಬೇಡಿ. ಕೆಲವು ವಾರ ತಡೆದು ಮತ್ತೆ ಶುರು ಮಾಡುವುದು ವಾಡಿಕೆ. ಏನೂ ತೊಂದರೆ ಇಲ್ಲದವರಲ್ಲಿ ಕೆಲವು ಡಾಕ್ಟರುಗಳು ಹೃದಯದ ಮಾತ್ರೆ ಕೊಟ್ಟು ಇಂಜೆಕ್ಷನ್ ಮುಂದುವರಿಸುತ್ತಾರೆ, ಅದೂ ತಪ್ಪಲ್ಲ. ನಾನು ಸ್ವಲ್ಪ ಎಚ್ಚರಿಕೆಯ ಕಡೆಯವಳು. 16 ಅಂಕ ಇಳಿದಿದ್ದರೆ ಮಾತ್ರೆ ಶುರು ಮಾಡಿ, ನಾಲ್ಕು ವಾರಕ್ಕೆ ಮತ್ತೆ ಎಕೋ ನೋಡಿ, ಆಮೇಲೆ ಮುಂದಿನ ಮಾತು. ಯಾವ ದಾರಿ ಎಂದು ಇಬ್ಬರು ಡಾಕ್ಟರುಗಳು ಮಾತಾಡಿಕೊಂಡು ತೀರ್ಮಾನಿಸಬೇಕು. ನಾನು ಹೆದರುವುದು ಯಾವುದಕ್ಕೆ ಗೊತ್ತಾ? ಎಕೋ ರಿಪೋರ್ಟು ನೋಡಿ ಗಾಬರಿಯಾದ ಮನೆಯವರು ಎರಡೂ ಕಡೆ ಹೋಗುವುದನ್ನೇ ಬಿಡುತ್ತಾರೆ. ಆಗ ಹೃದಯಕ್ಕೂ ಚಿಕಿತ್ಸೆ ಇಲ್ಲ, ಕ್ಯಾನ್ಸರಿಗೂ ಇಲ್ಲ.

ಎಕೋ ದುಡ್ಡಿಗಾ ಎಂಬ ಮಾತು ಕೇಳಿದರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ನಿಮ್ಮ ತಾಯಿಗೆ ಏನೂ ತೊಂದರೆ ಇಲ್ಲ ಎಂದು ನೀವೇ ಬರೆದಿದ್ದೀರಿ. ಎಕೋ ಮಾಡಿಸದಿದ್ದರೆ ಇದು ಗೊತ್ತಾಗುತ್ತಿದ್ದದ್ದು ಕಾಲು ಊದಿ, ರಾತ್ರಿ ಮಲಗಲಾಗದೆ ಎದ್ದು ಕೂತಾಗ. ಇಟಲಿಯ ವೈದ್ಯರು 2010ರಲ್ಲಿ ಕೆಂಪು ಔಷಧಿಯಿಂದ ಹೃದಯ ಸೋತ 201 ಮಂದಿಯ ವಿವರ ಪ್ರಕಟಿಸಿದರು. ಕೀಮೋ ಮುಗಿದು ಎರಡು ತಿಂಗಳ ಒಳಗೆ ಹೃದಯದ ಮಾತ್ರೆ ಶುರುವಾದವರಲ್ಲಿ ನೂರಕ್ಕೆ 64 ಮಂದಿ ಚೇತರಿಸಿಕೊಂಡರು. ಆರು ತಿಂಗಳು ದಾಟಿದ ಮೇಲೆ ಶುರುವಾದವರಲ್ಲಿ ಒಬ್ಬರೂ ಪೂರ್ತಿ ಚೇತರಿಸಿಕೊಳ್ಳಲಿಲ್ಲ. ಟ್ರಾಸ್ಟುಜುಮಾಬ್ ನಡೆಯುವಾಗ ಮೂರು ತಿಂಗಳಿಗೊಮ್ಮೆ ಎಕೋ ಬೇಕೇ ಬೇಕು. ಸಾಧ್ಯವಾದರೆ ಒಂದೇ ಕಡೆ, ಒಂದೇ ಮೆಷಿನ್ನಿನಲ್ಲಿ ಮಾಡಿಸಿ. ಬೇರೆ ಬೇರೆ ಕಡೆ ಮಾಡಿಸಿದರೆ ಹೃದಯ ಹಾಗೇ ಇದ್ದರೂ ಐದು ಹತ್ತು ಅಂಕದ ವ್ಯತ್ಯಾಸ ಬಂದುಬಿಡಬಹುದು. ಸ್ಟ್ರೇನ್ ಎಂಬ ಅಳತೆಯನ್ನೂ ಕೇಳಿ ಮಾಡಿಸಿ. ಪರ್ಸೆಂಟ್ ಇಳಿಯುವ ಮೊದಲೇ ಅದು ಸುಳಿವು ಕೊಡುತ್ತದೆ.

ಕಿದ್ವಾಯಿಗೂ ಜಯದೇವಕ್ಕೂ ಹೋಗುವ ಎಷ್ಟೋ ಮಂದಿ ಎರಡು ಆಸ್ಪತ್ರೆಯ ಕಾಗದವನ್ನು ಎರಡು ಚೀಲದಲ್ಲಿ ಇಟ್ಟಿರುತ್ತಾರೆ. ಹೃದಯ ತೋರಿಸಲು ಬಂದಾಗ ಕ್ಯಾನ್ಸರಿನ ಚೀಲ ಮನೆಯಲ್ಲಿರುತ್ತದೆ. ದಯವಿಟ್ಟು ಒಂದೇ ಫೈಲ್ ಮಾಡಿ. ಯಾವ ಕೀಮೋ, ಎಷ್ಟು ಡೋಸು ಎಂಬ ಹಾಳೆ ಎಲ್ಲಕ್ಕಿಂತ ಮೇಲಿರಲಿ.

ಎಡಗಡೆಯ ಸ್ತನ ಅಂದಿರಿ. ಮುಂದೆ ರೇಡಿಯೇಶನ್ ಇದ್ದರೆ ಉಸಿರು ಹಿಡಿದು ಕೊಡುವ ವಿಧಾನ ಇದೆಯಾ ಎಂದು ಕೇಳಿ. ದೊಡ್ಡ ಉಸಿರು ಎಳೆದು ಹಿಡಿದಾಗ ಹೃದಯ ಎದೆಗೂಡಿನಿಂದ ದೂರ ಸರಿಯುತ್ತದೆ, ಅದಕ್ಕೆ ಬೀಳುವ ಕಿರಣ ಕಡಿಮೆಯಾಗುತ್ತದೆ. ಹೃದಯಕ್ಕೆ ಸರಾಸರಿ ಒಂದು ಗ್ರೇ (ಕಿರಣದ ಪ್ರಮಾಣದ ಅಳತೆ) ಜಾಸ್ತಿ ಬಿದ್ದರೆ ಹೃದಯಾಘಾತದಂಥ ತೊಂದರೆಯ ಅಪಾಯ ನೂರಕ್ಕೆ 7.4ರಷ್ಟು ಏರುತ್ತದೆ ಎಂದು ಸ್ವೀಡನ್ ಮತ್ತು ಡೆನ್ಮಾರ್ಕಿನ ಮಹಿಳೆಯರ ಮೇಲಿನ 2013ರ ಅಧ್ಯಯನ ತೋರಿಸಿತು.

ತೊಗಟೆ ಪುಡಿ ಬೇಡ. ಈ ಔಷಧಿಗಳಿಂದ ಪೆಟ್ಟಾದ ಹೃದಯವನ್ನು ಅದು ಸರಿಮಾಡುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಕೀಮೋ ವೇಳೆ ಲಿವರ್ ರಿಪೋರ್ಟು ಏರುಪೇರಾದರೆ ಕಾರಣ ಪುಡಿಯೋ ಕೀಮೋನೋ ಎಂದು ಹುಡುಕುತ್ತಾ ನಾವು ದಿನ ಕಳೆಯುತ್ತೇವೆ. ನಿಮ್ಮ ಸೋದರಮಾವನವರ ಪ್ರೀತಿ ನನಗೆ ಅರ್ಥವಾಗುತ್ತದೆ. ಅವರಿಗೆ ಬೇರೆ ಕೆಲಸ ಕೊಡಿ. ದಿನಾ ಬಿಪಿ ನೋಡಿ ಬರೆದಿಡಲಿ. ಆದರೆ ಇಂಥ ಪುಡಿ ಮಾರುತ್ತಾ ಇಂಜೆಕ್ಷನ್ ಬಿಡಿ, ನಮ್ಮದೇ ಸಾಕು ಎನ್ನುವವರನ್ನು ಕ್ಷಮಿಸಲಾರೆ. ಅವರ ಮಾತು ನಂಬಿ ಒಂದು ವರ್ಷ ಕಳೆದು, ಗಡ್ಡೆ ಎಲುಬಿಗೆ ಹರಡಿದ ಮೇಲೆ ಬಂದವರನ್ನು ನೋಡಿದ್ದೇನೆ.

ಪ್ರಶ್ನೆ: ಅಪ್ಪನಿಗೆ ಸ್ಟೆಂಟ್ ಹಾಕಿ ನಾಲ್ಕು ತಿಂಗಳು. ಈಗ ಕೀಮೋದಿಂದ ಪ್ಲೇಟ್‌ಲೆಟ್ 60 ಸಾವಿರಕ್ಕೆ ಇಳಿದಿದೆ. ಮೆಡಿಕಲ್ ಶಾಪಿನವರು ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎರಡೂ ನಿಲ್ಲಿಸಿ ಅಂದರು, ನಿಲ್ಲಿಸಿದೆವು.

ಉತ್ತರ: ಪತ್ರಿಕೆ ಪಕ್ಕಕ್ಕಿಟ್ಟು ಈಗಲೇ ಹಾರ್ಟ್ ಡಾಕ್ಟರಿಗೆ ಫೋನ್ ಮಾಡಿ. ಸ್ಟೆಂಟ್ ಹೊಸದು, ಈ ಮಾತ್ರೆಗಳಿಲ್ಲದೆ ಒಳಗೆ ರಕ್ತ ಹೆಪ್ಪುಗಟ್ಟಿದರೆ ಜೀವಕ್ಕೇ ಅಪಾಯ. 2022ರ ಯುರೋಪಿನ ಮಾರ್ಗಸೂಚಿ ಪ್ರಕಾರ ಪ್ಲೇಟ್‌ಲೆಟ್ 10 ಸಾವಿರಕ್ಕಿಂತ ಕೆಳಗೆ ಇಳಿದಾಗ ಆಸ್ಪಿರಿನ್ ಬೇಡ, 30 ಸಾವಿರಕ್ಕಿಂತ ಕೆಳಗೆ ಇಳಿದಾಗ ಕ್ಲೊಪಿಡೊಗ್ರೆಲ್ ಬೇಡ. ರಕ್ತಸ್ರಾವ ಇದ್ದರೆ ಮಾತು ಬೇರೆ. 60 ಸಾವಿರ ಎಂಬ ಸಂಖ್ಯೆ ಒಂದನ್ನೇ ನೋಡಿ ನಿಲ್ಲಿಸುವುದಲ್ಲ. ಮೆಡಿಕಲ್ ಶಾಪಿನಲ್ಲಿ ತೀರ್ಮಾನ ಆಗುವಂಥದ್ದಂತೂ ಅಲ್ಲವೇ ಅಲ್ಲ.

ಪ್ರಶ್ನೆ: ಜಠರದ ಕ್ಯಾನ್ಸರ್ ಇರುವ ನಮ್ಮ ಅತ್ತೆಯವರಿಗೆ ಎಡಗಾಲು ಮಾತ್ರ ಊದಿ ನೋಯುತ್ತಿದೆ. ಎಣ್ಣೆ ಹಚ್ಚಿ ನೀವುತ್ತಿದ್ದೇವೆ.

ಉತ್ತರ: ನೀವುವುದನ್ನು ನಿಲ್ಲಿಸಿ. ಜಠರ, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ಗಳಲ್ಲಿ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು ತುಂಬಾ ಜಾಸ್ತಿ. ನೀವಿದರೆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಇವತ್ತೇ ಕಾಲಿನ ಡಾಪ್ಲರ್ (ರಕ್ತನಾಳದ ಸ್ಕ್ಯಾನ್) ಮಾಡಿಸಿ. ಉಸಿರು ಕಟ್ಟಿದಂತಾದರೆ ಡಾಪ್ಲರಿಗೂ ಕಾಯದೆ 108ಕ್ಕೆ ಕರೆ ಮಾಡಿ.

ಪ್ರಶ್ನೆ: ಕ್ಯಾನ್ಸರ್ ಇದ್ದವರಿಗೆ ಹಾರ್ಟ್ ಅಟ್ಯಾಕ್ ಆಗಲ್ಲ ಅಂತೆ, ಹೌದಾ?

ಉತ್ತರ: ಸುಳ್ಳು. ತಂಬಾಕು ಒಂದೇ ಸಾಕು ಎರಡೂ ಒಟ್ಟಿಗೆ ಬರಲು.

ಪ್ರಶ್ನೆ: ಡ್ರಿಪ್ ಹಾಕಿ ಬ್ಲಾಕ್ ಕರಗಿಸುವ ಕೀಲೇಶನ್ ಚಿಕಿತ್ಸೆಯನ್ನು ಕೀಮೋ ಜೊತೆ ಮಾಡಿಸಬಹುದಾ?

ಉತ್ತರ: ಕೀಮೋ ಜೊತೆಗೂ ಬೇಡ, ಕೀಮೋ ಇಲ್ಲದಿದ್ದರೂ ಬೇಡ.

ಪ್ರಶ್ನೆ: ಕರುಳಿನ ಕ್ಯಾನ್ಸರಿಗೆ ಕ್ಯಾಪೆಸಿಟಬೈನ್ ಮಾತ್ರೆ ಶುರುಮಾಡಿ ಮೂರು ದಿನ. ಎದೆ ಹಿಂಡಿದಂತಾಗುತ್ತದೆ. ಗ್ಯಾಸ್ ಅಂತ ಸೋಡಾ ಕುಡಿಯುತ್ತಿದ್ದೇನೆ.

ಉತ್ತರ: ಈ ಮಾತ್ರೆ ಹೃದಯದ ರಕ್ತನಾಳವನ್ನು ಬಿಗಿದು ಕಟ್ಟಬಲ್ಲದು. ಬ್ಲಾಕ್ ಇಲ್ಲದವರಿಗೂ ಹಾಗಾಗುತ್ತದೆ, ಮೊದಲ ಕೆಲವು ದಿನಗಳಲ್ಲೇ ಆಗುತ್ತದೆ. ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ ಎಂದು ಇಷ್ಟು ಹೊತ್ತು ಹೇಳಿದೆ. ಇದು ಬೇರೆ. ಮುಂದಿನ ಡೋಸು ತೆಗೆದುಕೊಳ್ಳಬೇಡಿ. ಈಗಲೇ ಹತ್ತಿರದ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ, ಮಾತ್ರೆಯ ಪಟ್ಟಿಯನ್ನು ಜೊತೆಗೆ ಒಯ್ಯಿರಿ. ನೋವು ಕಡಿಮೆಯಾದರೂ ಹೋಗಿ, ಅಲ್ಲಿಂದಲೇ ಕ್ಯಾನ್ಸರ್ ಡಾಕ್ಟರಿಗೆ ಫೋನ್ ಮಾಡಿ.

ಪ್ರಶ್ನೆ: ಮಗಳಿಗೆ ಏಳನೇ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರ್ ಆಗಿ ವಾಸಿಯಾಗಿತ್ತು. ಈಗ 24, ಎರಡು ತಿಂಗಳ ಬಸುರಿ. ಗಂಡನ ಮನೆಯಲ್ಲಿ ಹಳೆಯದನ್ನು ಹೇಳಿಲ್ಲ. ಹೆರಿಗೆ ಡಾಕ್ಟರಿಗೂ ಹೇಳಿಲ್ಲ. ತೊಂದರೆ ಇದೆಯಾ?

ಉತ್ತರ: ಗಂಡನ ಮನೆಗೆ ಹೇಳುವುದು ಬಿಡುವುದು ನಿಮ್ಮ ಮಗಳಿಗೆ ಸೇರಿದ್ದು. ಹೆರಿಗೆ ಡಾಕ್ಟರಿಗೆ ಈ ವಾರವೇ ಹೇಳಬೇಕು. ಮಕ್ಕಳ ರಕ್ತದ ಕ್ಯಾನ್ಸರಿಗೂ ಅದೇ ಕೆಂಪು ಔಷಧಿ ಬಳಸುತ್ತಾರೆ. ಬಸುರಿಯಲ್ಲಿ ಹೃದಯದ ಕೆಲಸ ಹೆಚ್ಚುತ್ತದೆ, ಹದಿನೇಳು ವರ್ಷದ ಹಿಂದಿನ ಪೆಟ್ಟು ಆಗ ಹೊರಗೆ ಬರಬಹುದು. ಮೊದಲ ಮೂರು ತಿಂಗಳು ಮುಗಿಯುವ ಮೊದಲು ಒಂದು ಎಕೋ ಮಾಡಿಸಿ. ಎಕೋ ಚೆನ್ನಾಗಿದ್ದರೆ ಹೆಚ್ಚಿನವರಿಗೆ ಹೆರಿಗೆ ಸುಸೂತ್ರವಾಗಿ ಆಗುತ್ತದೆ. ಹಳೆಯ ಕೀಮೋ ವಿವರ ಕಳೆದುಹೋಗಿದ್ದರೆ ಚಿಕಿತ್ಸೆ ಕೊಟ್ಟ ಆಸ್ಪತ್ರೆಯ ರೆಕಾರ್ಡ್ ವಿಭಾಗದಲ್ಲಿ ನಂಬರ್ ಕೊಟ್ಟು ಕೇಳಿ.