ಅಟ್ಟದ ಮೇಲಿನ ಓಲೆಗರಿ ಕಟ್ಟು

ಪ್ರಶ್ನೆ: ತಾತನ ಹಳೇ ಮನೆ ಕೆಡವುವಾಗ ಅಟ್ಟದ ಮೇಲೆ ಎರಡು ಓಲೆಗರಿ ಕಟ್ಟು ಸಿಕ್ಕವು. ಓದೋಕೆ ಯಾರಿಗೂ ಬರಲ್ಲ. ಹೊಳೆಗೆ ಬಿಟ್ಟುಬಿಡಿ, ಮನೆಯಲ್ಲಿದ್ದರೆ ಮಡಿ ತಪ್ಪುತ್ತೆ ಅಂತಾರೆ ಹಿರಿಯರು. ಹೊರಗಿನವರೊಬ್ಬರು ಬಂದು ಬೆಲೆ ಕಟ್ಟಿ ಹೋಗಿದ್ದಾರೆ. ಏನು ಮಾಡಲಿ ಸರ್?
— ಶಿಕ್ಷಕಿ, ತೀರ್ಥಹಳ್ಳಿ

ಉತ್ತರ: ಹೊಳೆಗೆ ಮಾತ್ರ ಬಿಡಬೇಡಿ ತಾಯಿ. ನಮ್ಮಜ್ಜ ತೀರಿಕೊಂಡಾಗ ಅಜ್ಜಿ ಹಾಗೇ ಮಾಡಿದರು. ಭಕ್ತಿಯಿಂದಲೇ ಮಾಡಿದ್ದು, ಅರಿಶಿನ ಕುಂಕುಮ ಹಚ್ಚಿ ತುಂಗೆಗೆ ಬಿಟ್ಟರು. ಪೂಜೆ ಗೂಡಿನ ಹಿಂದೆ ಬಿದ್ದಿದ್ದ ಒಂದೇ ಒಂದು ಗರಿ ಉಳಿಯಿತು. ಹಸ್ತಪ್ರತಿ ಓದಲು ಕಲಿತ ಮೇಲೆ ಅದನ್ನು ಓದಿದೆ. ಭಾಮಿನಿ ಷಟ್ಪದಿ, ಕುಮಾರವ್ಯಾಸ ಭಾರತದ ಉದ್ಯೋಗ ಪರ್ವ. ಪದ್ಯದ ನಡುವೆ ಶುರುವಾಗಿ ನಡುವೆಯೇ ನಿಲ್ಲುತ್ತೆ. ಬರೆದವರು ಯಾರು, ಯಾವ ಊರು, ಎಲ್ಲವೂ ಕೊನೆಯ ಗರಿಯಲ್ಲಿ ಇದ್ದಿರಬೇಕು. ಅದು ಹೊಳೆ ಪಾಲಾಯಿತು.

'ಬರೀ ಭಾರತ ತಾನೇ, ಅಚ್ಚಾಗಿದೆಯಲ್ಲ' ಅಂತ ನಿಮಗೆ ಯಾರಾದರೂ ಹೇಳಬಹುದು. ಹಾಗಲ್ಲ. ಒಂದು ಪ್ರತಿಯಲ್ಲಿ ಬಿಟ್ಟುಹೋದ ಸಾಲು ಇನ್ನೊಂದರಲ್ಲಿ ಇರುತ್ತೆ. ಓಲೆಗರಿಯಲ್ಲಿ ಎ, ಏ ಎರಡಕ್ಕೂ ಸಾಮಾನ್ಯವಾಗಿ ಒಂದೇ ರೂಪ. ಒಂದು ಪದದ ಬಗ್ಗೆ ಅನುಮಾನ ಬಂದರೆ ನಾಲ್ಕಾರು ಪ್ರತಿ ಹರಡಿಕೊಂಡು ಕೂರಬೇಕು. ನಮ್ಮ ಕೆಲಸ ಅಂದರೆ ಅದೇ.

ಕೌಟಿಲ್ಯನ ಅರ್ಥಶಾಸ್ತ್ರದ ಕಥೆ ನೋಡಿ. ಬೇರೆ ಗ್ರಂಥಗಳಲ್ಲಿ ಅದರ ಹೆಸರಿತ್ತು, ಅಲ್ಲಿ ಇಲ್ಲಿ ಒಂದೆರಡು ಮಾತೂ ಇದ್ದವು. ಪುಸ್ತಕ ಮಾತ್ರ ವಿದ್ವಾಂಸರ ಕೈಗೆ ಸಿಕ್ಕಿರಲಿಲ್ಲ. ತಂಜಾವೂರು ಕಡೆಯ ಪಂಡಿತರೊಬ್ಬರು ಗ್ರಂಥ ಲಿಪಿಯ (ತಮಿಳುನಾಡಿನ ಕಡೆ ಸಂಸ್ಕೃತ ಬರೆಯಲು ಬಳಸುತ್ತಿದ್ದ ಲಿಪಿ) ಒಂದು ಕಟ್ಟನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂದುಕೊಟ್ಟರು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅದೇನೆಂದು ಗುರುತಿಸಿದರು. 1909ರಲ್ಲಿ ಮೂಲ ಅಚ್ಚಾಯಿತು, 1915ರಲ್ಲಿ ಇಂಗ್ಲಿಷ್ ಅನುವಾದ ಬಂತು. ಆ ಪಂಡಿತರ ಹೆಸರನ್ನು ಇವತ್ತು ಯಾರೂ ಹೇಳಲ್ಲ, ನನಗೆ ಅದು ತುಂಬ ಬೇಜಾರಿನ ವಿಷಯ. ಅವರೂ ಆ ಕಟ್ಟನ್ನು ಕಾವೇರಿಗೆ ಬಿಟ್ಟಿದ್ದರೆ?

ಇನ್ನು ಬೆಲೆ ಕಟ್ಟಿದವರ ವಿಚಾರ. 75 ವರ್ಷ ದಾಟಿದ, ಸಾಹಿತ್ಯ, ಶಾಸ್ತ್ರ ಅಥವಾ ಚರಿತ್ರೆಯ ಮಹತ್ವ ಇರುವ ಹಸ್ತಪ್ರತಿ 1972ರ ಕಾಯ್ದೆ ಪ್ರಕಾರ ಪ್ರಾಚ್ಯವಸ್ತು. ಖಾಸಗಿಯವರು ಅದನ್ನು ದೇಶದ ಹೊರಗೆ ಸಾಗಿಸುವ ಹಾಗಿಲ್ಲ. ಗುರುತಿಲ್ಲದವರ ಕೈಗೆ ಕೊಡಬೇಡಿ. ನಿಮಗೆ ಹತ್ತಿರ ಅಂದರೆ ಕೆಳದಿಯ ವಸ್ತುಸಂಗ್ರಹಾಲಯ, ಅಲ್ಲಿ ಓಲೆಗರಿಗಳಿವೆ, ವಿಚಾರಿಸಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೂ ಬರೆಯಬಹುದು. ಕಟ್ಟು ಕೊಡಲು ಮನಸ್ಸಿಲ್ಲದಿದ್ದರೆ, ಸ್ಕ್ಯಾನ್ ಮಾಡಿಕೊಂಡು ವಾಪಸ್ ಕೊಡ್ತೀರಾ ಅಂತ ಮೊದಲೇ ಕೇಳಿ, ಬರಹದಲ್ಲಿ ಪಡೆಯಿರಿ.

ಅಲ್ಲಿವರೆಗೆ ಒದ್ದೆ ಬಟ್ಟೆ ಮುಟ್ಟಿಸಬೇಡಿ. ಎಣ್ಣೆ, ಸೀಮೆಎಣ್ಣೆ ಯಾವುದೂ ಬೇಡ. ಮೆತ್ತನೆ ಒಣ ಬ್ರಷ್‌ನಿಂದ ಧೂಳು ತೆಗೆದರೆ ಸಾಕು. ಗರಿಗಳ ಸಾಲು ಹಿಂದೆ ಮುಂದೆ ಮಾಡಬೇಡಿ. ಅಂಚಿನಲ್ಲಿ ಕನ್ನಡ ಅಂಕಿ ಇದ್ದರೂ ಎಷ್ಟೋ ಕಡೆ ಸವೆದಿರುತ್ತೆ. ಮರದ ಪಟ್ಟಿ, ದಾರ ಎಸೆಯಬೇಡಿ. ಪ್ಲಾಸ್ಟಿಕ್ ಚೀಲ ಬೇಡ, ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ದಸರಾಕ್ಕೆ ಪೂಜೆ ಮಾಡಿ, ಅಡ್ಡಿಯಿಲ್ಲ. ಹೂವನ್ನು ಮಾತ್ರ ಪಕ್ಕಕ್ಕಿಡಿ.

ಎಷ್ಟೋ ಪ್ರತಿಗಳ ಕೊನೆಯಲ್ಲಿ ಬರೆದವರು ಒಂದು ಶ್ಲೋಕ ಸೇರಿಸಿರುತ್ತಾರೆ: 'ಭಗ್ನಪೃಷ್ಠಕಟಿಗ್ರೀವಃ'. ಬೆನ್ನು, ಸೊಂಟ, ಕುತ್ತಿಗೆ ಮುರಿದು, ತಲೆ ತಗ್ಗಿಸಿ, ಕಣ್ಣು ನೆಟ್ಟು, ಕಷ್ಟಪಟ್ಟು ಬರೆದಿದ್ದೇನೆ, ಜೋಪಾನ ಮಾಡಿ ಅಂತ. ನಿಮ್ಮ ಕಟ್ಟಿನಲ್ಲೂ ಇರಬಹುದು.

ಮೊದಲ ಗರಿ, ಕೊನೆಯ ಗರಿ ಎರಡರ ಫೋಟೊ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಕಂಠದಿಂದ, ಅಂದರೆ ಗರಿ ಮೇಲೆ ಬರೆಯುವ ಕಬ್ಬಿಣದ ಮೊನೆಯಿಂದ, ಕೊರೆದ ಅಕ್ಷರಕ್ಕೆ ಮಸಿ ತುಂಬದಿದ್ದರೆ ಗರಿ ಖಾಲಿ ಅನ್ನಿಸುತ್ತೆ. ಸುಮ್ನೆ ಎತ್ತಿಡಬೇಡಿ. ಸಂಜೆ ಕಿಟಕಿ ಹತ್ತಿರ, ಬೆಳಕು ಓರೆಯಾಗಿ ಬೀಳುವಾಗ ಹಿಡಿಯಿರಿ. ಅಕ್ಷರ ಏಳುತ್ತೆ.